14 ತಿಂಗಳಿಂದ ತುಂಬಿಟ್ಟ ಟ್ಯಾಂಕ್, ಹಾಗೇ ಡೈವ್‌ಗೆ ಒಯ್ಯಬಹುದಾ?

ತೆರೆಸಾಲು

ಎಲ್ಲರಿಗೂ ನಮಸ್ಕಾರ. ಕೆಲಸದ ಒತ್ತಡದಿಂದ ಒಂದು ವರ್ಷಕ್ಕೂ ಜಾಸ್ತಿ ನೀರಿಗೆ ಇಳಿಯಲು ಆಗಲಿಲ್ಲ. ಮುಂದಿನ ತಿಂಗಳು ಮತ್ತೆ ಶುರು ಮಾಡುತ್ತೇನೆ. ಸ್ಟೋರ್ ರೂಮ್ ತೆಗೆದು ನೋಡಿದೆ, ನೀರಿನಡಿ ಉಸಿರಾಡಲು ಗಾಳಿ ತುಂಬಿಸಿ ಒಯ್ಯುವ ನನ್ನ ಮೂರು ಟ್ಯಾಂಕ್ ಹಾಗೇ ಇವೆ.

ಒಂದು 12 ಲೀಟರಿನ ಸ್ಟೀಲ್. 14 ತಿಂಗಳ ಹಿಂದೆ ತುಂಬಿಸಿದ್ದು, ಗೇಜ್ ಈಗಲೂ 200 ಬಾರ್ ಒತ್ತಡ ತೋರಿಸುತ್ತಿದೆ. ಇನ್ನೊಂದು 11 ಲೀಟರಿನ ಅಲ್ಯೂಮಿನಿಯಂ, ಅದೂ ಅದೇ ದಿನ ತುಂಬಿಸಿದ್ದು, 195 ಬಾರ್ ಇದೆ. ಎರಡರಲ್ಲೂ ಮಾಮೂಲಿ ಗಾಳಿ. ಮೂರನೇದು ಹಳೆಯ 12 ಲೀಟರ್ ಸ್ಟೀಲ್. ಅದನ್ನು ಮುಟ್ಟಿ ಮೂರು ವರ್ಷದ ಮೇಲಾಯಿತು. ಅದರಲ್ಲಿ 20 ಬಾರ್ ಉಳಿದಿದೆ.

ನನ್ನ ಪ್ರಶ್ನೆ ಮೊದಲ ಎರಡರ ಬಗ್ಗೆ. ಇಷ್ಟು ದಿನ ಇಟ್ಟ ಗಾಳಿ ಹಳಸುತ್ತದಾ? ಸುಮ್ನೆ ಖಾಲಿ ಮಾಡಿ ಮತ್ತೆ ತುಂಬಿಸಬೇಕಾ, ಹಾಗೇ ಒಯ್ಯಬಹುದಾ? ಮೂರನೇದರಲ್ಲಿ ಉಳಿದ ಗಾಳಿಯನ್ನು ಮಗಳಿಗೆ ಈಜುಕೊಳದಲ್ಲಿ ಎರಡು ನಿಮಿಷ ಉಸಿರಾಡಿಸಿ ತೋರಿಸೋಣ ಅಂತಿದ್ದೇನೆ. ಅವಳಿಗೆ 11 ವರ್ಷ, ಬಹಳ ದಿನದಿಂದ ಕೇಳುತ್ತಿದ್ದಾಳೆ.

ಆಳದಮೀನು

ಗಾಳಿ ಹಾಲಲ್ಲ, ಕೆಡುವುದಕ್ಕೆ. ಒಣಗಿದ, ಚೊಕ್ಕ ಗಾಳಿ ತುಂಬಿದ್ದರೆ ಒಳಗಿನ ಆಮ್ಲಜನಕ 21 ಭಾಗ, ಸಾರಜನಕ 78 ಭಾಗ ಹಾಗೇ ಇರುತ್ತವೆ. ಎರಡು ವರ್ಷ ಇಟ್ಟ ಟ್ಯಾಂಕ್‌ನಲ್ಲಿ ನಾನು ಡೈವ್ ಮಾಡಿದ್ದೇನೆ, ಏನೂ ಆಗಲಿಲ್ಲ. ಒತ್ತಡ ಇಳಿದಿಲ್ಲ ಅಂದರೆ ವಾಲ್ವ್ ಕೂಡ ಸೋರಿಲ್ಲ. ಒಯ್ಯಿರಿ.

ಹಳೆಗೇಜ್

ಆಳದಮೀನು ಹೇಳಿದ್ದರಲ್ಲಿ ಅರ್ಧ ಸರಿ. ಗಾಳಿ ತಾನಾಗಿ ಕೆಡುವುದಿಲ್ಲ. ಭಾರದ ಅನಿಲ ಕೆಳಗೆ ಇಳಿದು ಹಗುರದ್ದು ಮೇಲೆ ನಿಲ್ಲುತ್ತದೆ ಅಂತ ಕೆಲವರು ಹೇಳುತ್ತಾರೆ, ಅದು ಸುಳ್ಳು. ಒಮ್ಮೆ ಬೆರೆತ ಅನಿಲ ಟ್ಯಾಂಕ್ ಒಳಗೆ ಮತ್ತೆ ಬೇರೆಯಾಗುವುದಿಲ್ಲ.

ಆದರೆ "ಒಣಗಿದ, ಚೊಕ್ಕ ಗಾಳಿ ತುಂಬಿದ್ದರೆ" ಅನ್ನುವ ಆ ಒಂದು ಮಾತಿನಲ್ಲೇ ಎಲ್ಲ ಇದೆ. ನಿಮ್ಮ ಟ್ಯಾಂಕ್‌ನಲ್ಲಿ ಹಾಗೆ ತುಂಬಿತ್ತು ಅಂತ ನಿಮಗೆ ಹೇಗೆ ಗೊತ್ತು? 14 ತಿಂಗಳ ಹಿಂದೆ ತುಂಬಿಸುವಾಗ ವಾಲ್ವ್‌ನ ಬಾಯಲ್ಲಿ ನಾಲ್ಕು ಹನಿ ನೀರು ಇತ್ತು ಅಂದುಕೊಳ್ಳಿ. ತುಂಬುವ ಪೈಪ್ ಸಿಕ್ಕಿಸಿ ಕಂಪ್ರೆಸರ್ ಬಿಟ್ಟ ಕೂಡಲೇ ಆ ನಾಲ್ಕು ಹನಿ ನೇರ ಒಳಗೆ ಹೋಗುತ್ತದೆ. ಟ್ಯಾಂಕ್‌ಗೆ ಉಪ್ಪುನೀರು ಸೇರುವ ದಾರಿಗಳಲ್ಲಿ ಇದು ಬಹಳ ಸಾಮಾನ್ಯ. ತುಂಬಿಸುವ ಮೊದಲು ವಾಲ್ವ್ ಒಂದು ಕ್ಷಣ ತೆರೆದು "ಪುಸ್" ಅನ್ನಿಸಿ ಮುಚ್ಚುವುದು ಇದಕ್ಕೇ. ಎಷ್ಟೋ ಕಡೆ ಅವಸರದಲ್ಲಿ ಅದನ್ನು ಬಿಡುತ್ತಾರೆ.

ಇನ್ನೊಂದು ದಾರಿ, ನೀರಿನಡಿ ಟ್ಯಾಂಕ್ ಪೂರ್ತಿ ಖಾಲಿ ಮಾಡುವುದು. ಒಳಗಿನ ಒತ್ತಡ ಹೊರಗಿನ ನೀರಿನ ಒತ್ತಡಕ್ಕಿಂತ ಕಡಿಮೆಯಾದರೆ ರೆಗ್ಯುಲೇಟರ್ (ಟ್ಯಾಂಕ್ ಗಾಳಿಯನ್ನು ಬಾಯಿಗೆ ಕೊಡುವ ಸಾಧನ) ಮೂಲಕವೇ ನೀರು ಹಿಂದಕ್ಕೆ ನುಗ್ಗಬಹುದು. ಹಾಗಾಗಿ ಯಾವತ್ತೂ ಸೊನ್ನೆಗೆ ಇಳಿಸಬಾರದು.

ಸ್ಟೀಲ್ ಒಳಗೆ ಉಪ್ಪುನೀರು ಇದ್ದರೆ ತುಕ್ಕು ಹಿಡಿಯುತ್ತದೆ. 200 ಬಾರ್ ಗಾಳಿಯಲ್ಲಿ ಆಮ್ಲಜನಕವೂ ಒತ್ತಿ ತುಂಬಿರುತ್ತದೆ, ಹಾಗಾಗಿ ತುಕ್ಕು ಹೊರಗಿನ ಗಾಳಿಯಲ್ಲಿ ಹಿಡಿಯುವುದಕ್ಕಿಂತ ಬೇಗ ಹಿಡಿಯುತ್ತದೆ. ಅಲ್ಯೂಮಿನಿಯಂನಲ್ಲಿ ಬಿಳಿ ಪುಡಿಯಂತೆ ಪದರ ಕಟ್ಟುತ್ತದೆ. ಅದು ಸ್ಟೀಲ್‌ನಷ್ಟು ಬೇಗ ಕೊರೆಯುವುದಿಲ್ಲ, ಆದರೆ ಉಪ್ಪು ಇದ್ದರೆ ಗುಳಿ ಬೀಳುತ್ತದೆ.

ನಿಮ್ಮ ಅಲ್ಯೂಮಿನಿಯಂ ಟ್ಯಾಂಕ್ ಯಾವ ಕಾಲದ್ದು? ಕುತ್ತಿಗೆಯ ಹತ್ತಿರ ಕೊರೆದ ತಾರೀಕು ನೋಡಿ. 1988ಕ್ಕಿಂತ ಹಿಂದಿನ ಎಷ್ಟೋ ಟ್ಯಾಂಕ್‌ಗಳು 6351 ಅನ್ನುವ ಮಿಶ್ರಲೋಹದವು. ಅವುಗಳಲ್ಲಿ ಬಹುಕಾಲ ಒತ್ತಡ ನಿಂತರೆ ಕುತ್ತಿಗೆಯಲ್ಲಿ ಸಣ್ಣ ಬಿರುಕು ಬೆಳೆಯುತ್ತದೆ. ಅಂಥದ್ದನ್ನು ತುಂಬಿ ವರ್ಷಗಟ್ಟಲೆ ಇಡುವುದು ಸರಿಯಲ್ಲ. ಆಮೇಲೆ ಬಂದ 6061 ಲೋಹದಲ್ಲಿ ಈ ತೊಂದರೆ ಇಲ್ಲ.

ತೆರೆಸಾಲು

ತಾರೀಕು 2014, 6061 ಅಂತಲೇ ಇದೆ. ಬದುಕಿದೆ. ಹಾಗಾದರೆ ಇಡುವುದು ಹೇಗೆ ಅಂತಲೂ ಹೇಳಿಬಿಡಿ. ನನ್ನವು ಮೂರೂ ಮಲಗಿಸಿಟ್ಟಿದ್ದವು. ಸ್ಟೋರ್ ರೂಮ್ ಬೇಸಿಗೆಯಲ್ಲಿ ಚೆನ್ನಾಗಿ ಕಾಯುತ್ತದೆ.

ಹಳೆಗೇಜ್

ಬಹಳ ದಿನ ಇಡುವುದಾದರೆ ನಿಲ್ಲಿಸಿಡಿ. ಕಾರಣ ಸರಳ. ಒಳಗೆ ಅಪ್ಪಿತಪ್ಪಿ ನೀರು ಇದ್ದರೆ ಅದು ತಳಕ್ಕೆ ಇಳಿಯುತ್ತದೆ. ಟ್ಯಾಂಕ್‌ನ ತಳವೇ ಎಲ್ಲಕ್ಕಿಂತ ದಪ್ಪ. ಮಲಗಿಸಿದರೆ ಅದೇ ನೀರು ಪಕ್ಕದ ಗೋಡೆಯ ಮೇಲೆ ಉದ್ದಕ್ಕೂ ನಿಲ್ಲುತ್ತದೆ, ಆ ಗೋಡೆ ತೆಳು. ನಿಲ್ಲಿಸಿದ್ದನ್ನು ಗೋಡೆಗೆ ಪಟ್ಟಿ ಹಾಕಿ ಕಟ್ಟಲೇಬೇಕು. ತುಂಬಿದ ಟ್ಯಾಂಕ್ ಉರುಳಿ ವಾಲ್ವ್‌ಗೆ ಪೆಟ್ಟು ಬಿದ್ದರೆ ಏನಾಗಬಹುದು ಅಂತ ಬಿಡಿಸಿ ಹೇಳಬೇಕಿಲ್ಲ. ಗಾಡಿಯಲ್ಲಿ ಒಯ್ಯುವಾಗ ಮಾತ್ರ ಮಲಗಿಸಿ, ಉರುಳದಂತೆ ಎರಡೂ ಕಡೆ ಆನಿಕೆ ಕೊಡಿ.

ಬಿಸಿಯ ಲೆಕ್ಕ: 20 ಡಿಗ್ರಿಯಲ್ಲಿ 200 ಬಾರ್ ಇದ್ದದ್ದು 50 ಡಿಗ್ರಿಗೆ ಸುಮಾರು 220 ಬಾರ್ ಆಗುತ್ತದೆ. ಅಷ್ಟಕ್ಕೆ ಒಳ್ಳೆಯ ಟ್ಯಾಂಕ್ ಒಡೆಯುವುದಿಲ್ಲ. ಆದರೂ ಬಿಸಿಲಲ್ಲಿ ಮುಚ್ಚಿದ ಕಾರಿನಲ್ಲಿ ಬಿಡಬೇಡಿ. ತಂಪಾದ, ಒಣಗಿದ, ಉರಿಯುವ ವಸ್ತು ಇಲ್ಲದ ಜಾಗ ನೋಡಿ.

ಬೆಂಕಿಯ ವಿಚಾರವೂ ಇದೆ. ಅರ್ಧ ತುಂಬಿದ ಅಲ್ಯೂಮಿನಿಯಂ ಟ್ಯಾಂಕ್ ಬೆಂಕಿಗೆ ಸಿಕ್ಕರೆ, ವಾಲ್ವ್‌ನಲ್ಲಿರುವ ಸುರಕ್ಷತಾ ಬಿಲ್ಲೆ ಒಡೆಯುವಷ್ಟು ಒತ್ತಡ ಏರುವ ಮೊದಲೇ ಲೋಹ ಮೆತ್ತಗಾಗಬಹುದು. ಆಗ ಟ್ಯಾಂಕೇ ಸಿಡಿಯುತ್ತದೆ. ಅದಕ್ಕೇ ಬಹಳ ದಿನ ಇಡುವಾಗ ಒತ್ತಡ 20 ಬಾರ್ ಆಸುಪಾಸಿಗೆ ಇಳಿಸಿ ಅಂತ ಹೇಳುವುದು. ಪೂರ್ತಿ ಖಾಲಿ ಬೇಡ. ಒಳಗೆ ಸ್ವಲ್ಪ ಒತ್ತಡ ಇದ್ದರೆ ಹೊರಗಿನ ತೇವದ ಗಾಳಿ ಒಳಗೆ ಬರುವುದಿಲ್ಲ.

ಗಾಳಿಲೆಕ್ಕ

ಎಲ್ಲರೂ ಆ ಎರಡು ತುಂಬಿದ ಟ್ಯಾಂಕ್‌ಗಳ ಬಗ್ಗೆಯೇ ಮಾತಾಡುತ್ತಿದ್ದೀರಿ. ತೆರೆಸಾಲು ಅವರೇ, ನನಗೆ ಭಯ ಆಗುತ್ತಿರುವುದು ನಿಮ್ಮ ಮೂರನೇ ಟ್ಯಾಂಕ್ ನೋಡಿ. ದಯವಿಟ್ಟು ಅದನ್ನು ಮಗಳ ಬಾಯಿಗೆ ಕೊಡಬೇಡಿ. ಯಾಕೆ ಅಂತ ಲೆಕ್ಕ ಹಾಕಿ ತೋರಿಸುತ್ತೇನೆ.

ತುಕ್ಕು ಅಂದರೆ ಕಬ್ಬಿಣ ಆಮ್ಲಜನಕವನ್ನು ಹಿಡಿದುಕೊಳ್ಳುವುದು. ಆ ಆಮ್ಲಜನಕ ಬರುವುದು ಟ್ಯಾಂಕ್ ಒಳಗಿನ ಗಾಳಿಯಿಂದಲೇ. ಮುಚ್ಚಿದ ಡಬ್ಬಿ ಅಲ್ವಾ, ಬೇರೆಲ್ಲಿಂದ ಬರಬೇಕು?

ಮೊದಲು ತುಂಬಿದ ಟ್ಯಾಂಕ್ ತೆಗೆದುಕೊಳ್ಳಿ. 12 ಲೀಟರ್, 200 ಬಾರ್. ಒಳಗೆ ಸುಮಾರು 2400 ಲೀಟರ್ ಗಾಳಿ, ಅದರಲ್ಲಿ 504 ಲೀಟರ್ ಆಮ್ಲಜನಕ. ಇದು ಶೇಕಡಾ 21ರಿಂದ ಶೇಕಡಾ 10ಕ್ಕೆ ಇಳಿಯಬೇಕಾದರೆ ಸುಮಾರು 290 ಲೀಟರ್ ಆಮ್ಲಜನಕ ತುಕ್ಕಿಗೆ ಹೋಗಬೇಕು. ಅದಕ್ಕೆ ಹತ್ತಿರ ಹತ್ತಿರ 900 ಗ್ರಾಂ ಕಬ್ಬಿಣ ತುಕ್ಕಾಗಬೇಕು. ಅಷ್ಟು ತುಕ್ಕು ಹಿಡಿಯುವ ಹೊತ್ತಿಗೆ ಟ್ಯಾಂಕೇ ಹಾಳಾಗಿರುತ್ತದೆ.

ಈಗ 20 ಬಾರ್ ಇರುವ ಟ್ಯಾಂಕ್. ಗಾಳಿ ಬರೀ 240 ಲೀಟರ್. ಆಮ್ಲಜನಕ 50 ಲೀಟರ್. ಇದು ಶೇಕಡಾ 10ಕ್ಕೆ ಇಳಿಯಲು ಸುಮಾರು 90 ಗ್ರಾಂ ಕಬ್ಬಿಣ ತುಕ್ಕಾದರೆ ಸಾಕು. ಉಪ್ಪುನೀರು ಸೇರಿದ ಸ್ಟೀಲ್ ಟ್ಯಾಂಕ್‌ನಲ್ಲಿ ವರ್ಷಗಳ ಮೇಲೆ ಇದು ಆಗಬಹುದಾದ ಮಾತು. ಒಳಗಿನ ಗಾಳಿ ಕಡಿಮೆ ಇದ್ದಷ್ಟೂ ಅದೇ ತುಕ್ಕು ದೊಡ್ಡ ಪೆಟ್ಟು ಕೊಡುತ್ತದೆ.

ಆಮ್ಲಜನಕ ಕಡಿಮೆಯಾದರೆ ಉಸಿರು ಕಟ್ಟಿದ ಹಾಗೆ ಅನ್ನಿಸುವುದೇ ಇಲ್ಲ. ಉಸಿರು ಕಟ್ಟುವ ಭಾವನೆ ಬರುವುದು ಮೈಯಲ್ಲಿ ಇಂಗಾಲದ ಡೈಆಕ್ಸೈಡ್ ಏರಿದಾಗ. ಇಲ್ಲಿ ಅದು ಏರುವುದಿಲ್ಲ, ಹೊರಗೆ ಹೋಗುತ್ತಲೇ ಇರುತ್ತದೆ. ಮನುಷ್ಯ ಆರಾಮಾಗಿ ಉಸಿರಾಡುತ್ತಲೇ ಪ್ರಜ್ಞೆ ತಪ್ಪುತ್ತಾನೆ. ಶೇಕಡಾ 10ರ ಆಸುಪಾಸಿನ ಗಾಳಿಯಲ್ಲಿ ಯಾವ ಮುನ್ಸೂಚನೆಯೂ ಇಲ್ಲದೆ ಹಾಗಾಗಬಹುದು.

ಇದು ಆಳಕ್ಕಿಂತ ಮೇಲುನೀರಿನಲ್ಲೇ ಹೆಚ್ಚು ಅಪಾಯ. ಶೇಕಡಾ 10 ಆಮ್ಲಜನಕದ ಗಾಳಿಯನ್ನು 10 ಮೀಟರ್ ಆಳದಲ್ಲಿ ಉಸಿರಾಡಿದರೆ, ಅಲ್ಲಿ ಒತ್ತಡ ಎರಡು ಪಟ್ಟು ಇರುವುದರಿಂದ ಮೈಗೆ ಶೇಕಡಾ 20 ಸಿಕ್ಕಂತೆ. ಏನೂ ಗೊತ್ತಾಗುವುದಿಲ್ಲ. ಮೇಲೆ ಬರುತ್ತಿದ್ದ ಹಾಗೆ ಕುಸಿಯುತ್ತದೆ. ಈಜುಕೊಳದಲ್ಲಿ ಆ ಆಳದ ಆಸರೆಯೂ ಇಲ್ಲ.

ಆಳದಮೀನು

ಇದು ನನಗೆ ಗೊಂದಲ ಆಗುತ್ತಿದೆ. ಹಳೆಗೇಜ್ ಅಣ್ಣ 20 ಬಾರ್ ಇಟ್ಟು ಇಡಿ ಅಂತಾರೆ. ನೀವು 20 ಬಾರ್ ಇರುವುದೇ ಅಪಾಯ ಅಂತೀರಿ. ಯಾವುದು ನಂಬೋದು?

ಗಾಳಿಲೆಕ್ಕ

ಎರಡೂ ಸರಿ. 20 ಬಾರ್ ಬಿಡುವುದು ಟ್ಯಾಂಕ್ ಉಳಿಯಲಿ ಅಂತ. ಆ ಗಾಳಿ ಉಸಿರಾಡುವುದಕ್ಕಲ್ಲ. ಇಟ್ಟಿದ್ದ ಟ್ಯಾಂಕ್ ಹೊರಗೆ ತೆಗೆದ ದಿನ ಆ ಉಳಿದ ಗಾಳಿಯನ್ನು ಬಿಟ್ಟು, ಒಳಗೆ ನೋಡಿಸಿ, ಹೊಸದಾಗಿ ತುಂಬಿಸಬೇಕು. ಈ ಎರಡನೇ ಭಾಗವನ್ನು ಯಾರೂ ಹೇಳುವುದಿಲ್ಲ. "20 ಬಾರ್ ಇಡಿ" ಅಂತ ಮಾತ್ರ ಬಾಯಿಂದ ಬಾಯಿಗೆ ಹೋಗುತ್ತದೆ.

ಅದರ ಮೇಲೇ 180 ಬಾರ್ ಹೊಸ ಗಾಳಿ ಹಾಕಿದರೆ? 20 ಬಾರ್ ಶೇಕಡಾ 10ರದ್ದು, 180 ಬಾರ್ ಶೇಕಡಾ 21ರದ್ದು ಸೇರಿದರೆ ಹತ್ತಿರ ಹತ್ತಿರ ಶೇಕಡಾ 20 ಬರುತ್ತದೆ. ಉಸಿರಾಟಕ್ಕೆ ತೊಂದರೆ ಇಲ್ಲ. ಆದರೆ ಆಮ್ಲಜನಕ ಅಷ್ಟು ತಿಂದ ತುಕ್ಕು ಒಳಗೇ ಕೂತಿದೆಯಲ್ಲ. ಅಂಥ ಟ್ಯಾಂಕ್‌ಗೆ 200 ಬಾರ್ ತುಂಬುತ್ತಿದ್ದೀರಿ ಅನ್ನುವುದನ್ನು ಮರೆಯಬೇಡಿ.

ಮೊದಲಗುಳ್ಳೆ

ನಾನು ಡೈವಿಂಗ್ ಕಲಿಸುತ್ತೇನೆ. ಟ್ಯಾಂಕ್ ಹೇಗೂ ಇರಲಿ, ಮಗಳ ವಿಚಾರಕ್ಕೆ ಒಂದು ಮಾತು. ಸಿಲಿಂಡರ್ ಗಾಳಿ ಉಸಿರಾಡಿ, ಉಸಿರು ಹಿಡಿದುಕೊಂಡು ಮೇಲೆ ಬಂದರೆ ಬರೀ ಒಂದು ಮೀಟರ್ ಚಿಲ್ಲರೆ ಆಳದಿಂದ ಕೂಡ ಶ್ವಾಸಕೋಶಕ್ಕೆ ಪೆಟ್ಟಾಗಬಹುದು. ಎದೆಯೊಳಗಿನ ಗಾಳಿ ಹಿಗ್ಗುತ್ತದೆ, ಹೋಗಲು ದಾರಿ ಇರುವುದಿಲ್ಲ. ಮಕ್ಕಳು ಮೂಗಿಗೆ ನೀರು ಹೋದ ತಕ್ಷಣ ಮಾಡುವ ಮೊದಲ ಕೆಲಸ ಉಸಿರು ಹಿಡಿದು ಮೇಲೆ ಚಿಮ್ಮುವುದು. ಅಪ್ಪ ಪಕ್ಕದಲ್ಲಿದ್ದರೂ ಅಷ್ಟು ಬೇಗ ಹಿಡಿಯಲು ಆಗುವುದಿಲ್ಲ. ಕಲಿಸುವವರ ಜೊತೆ ಕಳಿಸಿ. ಅವಳ ಆಸೆ ಚೆನ್ನಾಗಿದೆ, ಅದನ್ನು ಸರಿಯಾಗಿ ಶುರು ಮಾಡಿಸೋಣ.

ತೆರೆಸಾಲು

ಓದಿ ಕೈ ತಣ್ಣಗಾಯಿತು. ಇಲ್ಲಿ ಕೇಳದೇ ಇದ್ದಿದ್ದರೆ ಈ ಭಾನುವಾರ ಕೊಳಕ್ಕೆ ಒಯ್ಯುತ್ತಿದ್ದೆ. ಮೂರನೇದನ್ನು ಬದಿಗಿಟ್ಟಿದ್ದೇನೆ. ವಾಲ್ವ್ ಮೇಲೆ "ಉಸಿರಾಡಬೇಡಿ" ಅಂತ ಟೇಪ್ ಅಂಟಿಸಿದೆ.

ಉಪ್ಪುಗಾಳಿ

ತುಕ್ಕಿನ ವಿಚಾರ ಚೆನ್ನಾಗಿ ಬಂತು. ನಾನು ಇನ್ನೊಂದು ವಿಷಯ ಎತ್ತುತ್ತೇನೆ, ಯಾಕೆಂದರೆ ನನಗೆ ಆಗಿದ್ದು ಅದು. ಟ್ಯಾಂಕ್ ಇಟ್ಟ ಜಾಗದಲ್ಲಿ ಕೆಡುವುದಕ್ಕಿಂತ ತುಂಬುವ ಜಾಗದಲ್ಲಿ ಕೆಟ್ಟ ಗಾಳಿ ಒಳಗೆ ಬರುವುದೇ ದೊಡ್ಡ ಅಪಾಯ. ಹಾಗೆ ಬಂದದ್ದು 14 ದಿನ ಇಟ್ಟರೂ 14 ತಿಂಗಳು ಇಟ್ಟರೂ ಹಾಗೇ ಕೂತಿರುತ್ತದೆ.

ಕೆಲವು ವರ್ಷದ ಹಿಂದೆ ಒಂದು ದೋಣಿಯಲ್ಲಿ ಹೋಗಿದ್ದೆವು. ಟ್ಯಾಂಕ್‌ಗಳನ್ನು ದೋಣಿಯಲ್ಲೇ ತುಂಬುತ್ತಿದ್ದರು. ಕಂಪ್ರೆಸರ್ ಗಾಳಿ ಎಳೆದುಕೊಳ್ಳುವ ಪೈಪ್ ಎಂಜಿನ್ ಹೊಗೆಯಿಂದ ದೂರ ಇತ್ತು. ಆದರೆ ಮಧ್ಯಾಹ್ನ ಗಾಳಿಯ ದಿಕ್ಕು ತಿರುಗಿತು. ಯಾರೂ ಗಮನಿಸಲಿಲ್ಲ. ಎರಡನೇ ಡೈವ್‌ನಲ್ಲಿ 25 ಮೀಟರ್ ಹತ್ತಿರ ನನಗೆ ತಲೆ ಸ್ವಲ್ಪ ಭಾರ ಅನ್ನಿಸಿತು. ಮೇಲೆ ಬಂದ ಮೇಲೆ ತಲೆ ಸಿಡಿಯುವ ನೋವು, ವಾಂತಿ. ಸಮುದ್ರದ ಹೊಯ್ದಾಟಕ್ಕೆ ಅಂದುಕೊಂಡೆ. ಜೊತೆಗಾರನಿಗೂ ಅದೇ ಆಯಿತು. ಅವನು ಯಾವತ್ತೂ ದೋಣಿಯಲ್ಲಿ ವಾಂತಿ ಮಾಡಿದವನಲ್ಲ. ಆಗ ದೋಣಿಯಲ್ಲಿದ್ದ ಒಬ್ಬ ಅಕ್ಕನಿಗೆ ಅನುಮಾನ ಬಂತು. ಇಬ್ಬರಿಗೂ ಶುದ್ಧ ಆಮ್ಲಜನಕ ಹಾಕಿಸಿ ಆಸ್ಪತ್ರೆಗೆ ಕರೆದೊಯ್ದರು. ರಕ್ತ ಪರೀಕ್ಷೆಯಲ್ಲಿ ಕಾರ್ಬನ್ ಮಾನಾಕ್ಸೈಡ್ ಸಿಕ್ಕಿತು.

ಆಮೇಲೆ ಇದರ ಬಗ್ಗೆ ಕೂತು ಓದಿದೆ. ಕಾರ್ಬನ್ ಮಾನಾಕ್ಸೈಡ್‌ಗೆ ಬಣ್ಣ ಇಲ್ಲ, ವಾಸನೆ ಇಲ್ಲ, ರುಚಿ ಇಲ್ಲ. ರಕ್ತದ ಹಿಮೋಗ್ಲೋಬಿನ್‌ಗೆ ಆಮ್ಲಜನಕಕ್ಕಿಂತ 200 ಪಟ್ಟಿಗೂ ಹೆಚ್ಚು ಬಲವಾಗಿ ಅಂಟುತ್ತದೆ. ಮಾಮೂಲಿ ಗಾಳಿಯಲ್ಲಿ ಕೂತರೆ ರಕ್ತದಲ್ಲಿದ್ದದ್ದು ಅರ್ಧಕ್ಕೆ ಇಳಿಯಲು ನಾಲ್ಕೈದು ಗಂಟೆ ಬೇಕು. ಶುದ್ಧ ಆಮ್ಲಜನಕದಲ್ಲಿ ಒಂದೂವರೆ ಗಂಟೆ ಆಸುಪಾಸು. ಬೆರಳಿಗೆ ಸಿಕ್ಕಿಸುವ ಆಕ್ಸಿಮೀಟರ್ ಇಲ್ಲಿ ಮೋಸ ಮಾಡುತ್ತದೆ. ಮಾನಾಕ್ಸೈಡ್ ಅಂಟಿದ ರಕ್ತವನ್ನೂ ಅದು ಒಳ್ಳೆಯ ರಕ್ತ ಅಂತಲೇ ಲೆಕ್ಕ ಹಾಕಿ 98, 99 ತೋರಿಸುತ್ತದೆ. ನನಗೂ ತೋರಿಸಿತ್ತು.

ಆಳದಲ್ಲಿ ಇದು ಇನ್ನೂ ಜೋರು. ಟ್ಯಾಂಕ್‌ನಲ್ಲಿ 10 ಪಿಪಿಎಂ ಇದ್ದರೆ, ಅಂದರೆ ಹತ್ತು ಲಕ್ಷದಲ್ಲಿ ಹತ್ತು ಭಾಗ, 30 ಮೀಟರ್‌ನಲ್ಲಿ ಅದು ನೆಲದ ಮೇಲಿನ 40 ಪಿಪಿಎಂ ಇದ್ದಂತೆ. ಆಳದಲ್ಲಿ ಆಮ್ಲಜನಕವೂ ಜಾಸ್ತಿ ಒತ್ತಡದಲ್ಲಿ ಸಿಗುವುದರಿಂದ ಅಲ್ಲಿ ಅಷ್ಟು ಗೊತ್ತಾಗುವುದಿಲ್ಲ. ಮೇಲೆ ಬರುವಾಗ ಆ ಆಸರೆ ಹೋಗುತ್ತದೆ, ಮಾನಾಕ್ಸೈಡ್ ಮಾತ್ರ ರಕ್ತದಲ್ಲಿ ಉಳಿದಿರುತ್ತದೆ. ಗಾಳಿಲೆಕ್ಕ ಹೇಳಿದ ಕಥೆಯೇ ಇನ್ನೊಂದು ರೂಪದಲ್ಲಿ.

ಯುರೋಪಿನ ಇಎನ್ 12021 ಮಟ್ಟದಲ್ಲಿ ಉಸಿರಾಡುವ ಗಾಳಿಗೆ ಮಿತಿ 5 ಪಿಪಿಎಂ. ಅಮೆರಿಕದ ಗ್ರೇಡ್ ಇ ಮಟ್ಟದಲ್ಲಿ 10. ನನ್ನ ಮೀಟರ್‌ನಲ್ಲಿ ಸೊನ್ನೆ ಬಿಟ್ಟು ಏನಾದರೂ ಬಂದರೆ ನಾನು ಆ ಟ್ಯಾಂಕ್ ತೆಗೆದುಕೊಳ್ಳುವುದಿಲ್ಲ.

ತೆರೆಸಾಲು

ಉಪ್ಪುಗಾಳಿ ಅಣ್ಣ, ನೀವು ಚೇತರಿಸಿಕೊಂಡಿರಲ್ಲ, ಅದೇ ಸಮಾಧಾನ. ಎಂಜಿನ್ ಹೊಗೆ ಇಲ್ಲದ ಕಡೆ, ಕರೆಂಟಿನ ಕಂಪ್ರೆಸರ್ ಆದರೆ ಈ ಭಯ ಇಲ್ಲ ತಾನೆ? ಮತ್ತೆ ಮೂಸಿ ನೋಡುವುದರಿಂದ ಏನೂ ಉಪಯೋಗ ಇಲ್ಲವಾ?

ಉಪ್ಪುಗಾಳಿ

ಕರೆಂಟಿನದ್ದಾದರೂ ಭಯ ಇದೆ. ಕಂಪ್ರೆಸರ್ ಅತಿಯಾಗಿ ಬಿಸಿಯಾದರೆ ಅದರ ಎಣ್ಣೆಯೇ ಒಳಗೆ ಸುಟ್ಟು ಮಾನಾಕ್ಸೈಡ್ ಹುಟ್ಟುತ್ತದೆ. ಫಿಲ್ಟರ್‌ನಲ್ಲಿ ಹಾಪ್‌ಕಲೈಟ್ ಅನ್ನುವ ಪದಾರ್ಥ ಹಾಕಿರುತ್ತಾರೆ. ಮ್ಯಾಂಗನೀಸ್ ಮತ್ತು ತಾಮ್ರದ ಆಕ್ಸೈಡ್‌ಗಳ ಬೆರಕೆ ಅದು. ಮಾನಾಕ್ಸೈಡನ್ನು ಡೈಆಕ್ಸೈಡ್ ಮಾಡುತ್ತದೆ. ಆದರೆ ತೇವ ತಗುಲಿದರೆ ಕೆಲಸ ನಿಲ್ಲಿಸುತ್ತದೆ. ಫಿಲ್ಟರ್ ಅವಧಿ ಮೀರಿ ತೇವ ಹಿಡಿಯಲಾರದ ಸ್ಥಿತಿಗೆ ಬಂದಾಗ ಹಾಪ್‌ಕಲೈಟ್ ಕೂಡ ಸತ್ತಂತೆಯೇ. ಹಾಗಾಗಿ ತುಂಬಿಸುವ ಕಡೆ ಹೋದಾಗ ಎರಡು ಕೇಳಿ: ಫಿಲ್ಟರ್ ಯಾವಾಗ ಬದಲಿಸಿದ್ದು, ಗಾಳಿ ಪರೀಕ್ಷೆಯ ವರದಿ ಎಲ್ಲಿದೆ. ಒಳ್ಳೆಯವರು ಮುಖ ಸಿಂಡರಿಸದೆ ತೋರಿಸುತ್ತಾರೆ.

ಮೂಸುವುದು ಬೇಕು. ವಾಲ್ವ್ ಸ್ವಲ್ಪವೇ ತೆರೆದು, ಮುಖಕ್ಕೆ ನೇರ ಹಿಡಿಯದೆ, ಬದಿಯಿಂದ ಮೂಸಿ. ಎಣ್ಣೆ, ಸುಟ್ಟ ರಬ್ಬರ್, ಮುಗ್ಗಲು, ಹೊಗೆ, ಯಾವ ವಾಸನೆ ಬಂದರೂ ಬೇಡ. ಬಿಳಿ ಬಟ್ಟೆಯ ಮೇಲೆ ಒಂದು ನಿಮಿಷ ಮೆಲ್ಲಗೆ ಬಿಡಿ. ಒದ್ದೆ ಅಥವಾ ಎಣ್ಣೆಯ ಕಲೆ ಕಾಣುತ್ತದಾ ನೋಡಿ. ಕಂದು ಬಣ್ಣ ಬಂದರೆ ಅದು ತುಕ್ಕು. ಆದರೆ ವಾಸನೆ ಇಲ್ಲ ಅಂದ ಮಾತ್ರಕ್ಕೆ ಚೆನ್ನಾಗಿದೆ ಅಂತ ಅಲ್ಲ. ಮಾನಾಕ್ಸೈಡ್‌ಗೆ ಮೀಟರೇ ಬೇಕು. ಡೈವಿಂಗ್‌ಗಾಗಿ ಮಾಡಿದ ಚಿಕ್ಕ ಮೀಟರ್ ಬರುತ್ತದೆ. ಜೇಬಿಗೆ ಸಿಕ್ಕಿಸುವ ಮೀಟರ್ ಇದ್ದರೆ ಅದನ್ನು ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ, ಟ್ಯಾಂಕ್ ಗಾಳಿ ತುಂಬಿ, ಕೆಲವು ನಿಮಿಷ ಬಿಟ್ಟು ಓದಬಹುದು.

ಹಸಿರುಪಟ್ಟಿ

ನಾನು ಜಾಸ್ತಿ ನೈಟ್ರಾಕ್ಸ್‌ನಲ್ಲೇ, ಅಂದರೆ ಆಮ್ಲಜನಕದ ಪಾಲು ಹೆಚ್ಚಿಸಿದ ಗಾಳಿಯಲ್ಲೇ, ಡೈವ್ ಮಾಡುವುದು. ಆಮ್ಲಜನಕ ಅಳೆಯುವ ಬಗ್ಗೆ ಸ್ವಲ್ಪ ಸೇರಿಸುತ್ತೇನೆ.

ತೆರೆಸಾಲು ಅವರು "ಎರಡರಲ್ಲೂ ಮಾಮೂಲಿ ಗಾಳಿ" ಅಂದಿದ್ದಾರೆ. ಮನೆಯಲ್ಲಿ ತಿಂಗಳುಗಟ್ಟಲೆ ಇಟ್ಟ ಟ್ಯಾಂಕ್‌ನಲ್ಲಿ ಏನಿದೆ ಅಂತ ನೆನಪಿನ ಮೇಲೆ ಹೇಳಬಾರದು. ಶೇಕಡಾ 50 ಆಮ್ಲಜನಕದ ಟ್ಯಾಂಕ್ ಅನ್ನು ಗಾಳಿ ಅಂದುಕೊಂಡು 40 ಮೀಟರ್‌ಗೆ ಒಯ್ದರೆ ಆಮ್ಲಜನಕದ ಒತ್ತಡ 2.5 ಬಾರ್ ಆಗುತ್ತದೆ. ನಾವು ಒಪ್ಪುವ ಮಿತಿ 1.4. ಅಷ್ಟು ಏರಿದರೆ ನೀರಿನಡಿ ಫಿಟ್ಸ್ ಬರಬಹುದು. ಬಾಯಿಂದ ರೆಗ್ಯುಲೇಟರ್ ಜಾರಿದರೆ ಮುಳುಗುವುದೇ.

ಹಾಗಾಗಿ ಟ್ಯಾಂಕ್ ಮೇಲೆ ಪಟ್ಟಿ ಅಂಟಿಸಿ. ಆಮ್ಲಜನಕ ಎಷ್ಟು, ಒತ್ತಡ ಎಷ್ಟು, ಎಷ್ಟು ಆಳದವರೆಗೆ, ಅಳೆದ ತಾರೀಕು, ಅಳೆದವರ ಗುರುತು. ಡೈವ್ ಮುಗಿದ ಮೇಲೆ ಪಟ್ಟಿ ಕಿತ್ತುಬಿಡಿ. ಹಳೆಯ ಪಟ್ಟಿ ಇರುವ ಟ್ಯಾಂಕ್ ಪಟ್ಟಿ ಇಲ್ಲದ ಟ್ಯಾಂಕ್‌ಗಿಂತ ಅಪಾಯ. ಆಳದ ಲೆಕ್ಕ ಸುಲಭ: 1.4 ಅನ್ನು ಆಮ್ಲಜನಕದ ಪಾಲಿನಿಂದ ಭಾಗಿಸಿ, 1 ಕಳೆದು, 10ರಿಂದ ಗುಣಿಸಿ. ನೈಟ್ರಾಕ್ಸ್ 32ಕ್ಕೆ (ಶೇಕಡಾ 32 ಆಮ್ಲಜನಕ) 33 ಮೀಟರ್, 36ಕ್ಕೆ 28 ಮೀಟರ್.

ಅನಲೈಸರ್, ಅಂದರೆ ಆಮ್ಲಜನಕ ಅಳೆಯುವ ಮೀಟರ್, ಮೊದಲು ಹೊರಗಿನ ಗಾಳಿಯಲ್ಲಿ 20.9ಕ್ಕೆ ಹೊಂದಿಸಿ. ಆಮೇಲೆ ಟ್ಯಾಂಕ್ ಗಾಳಿಯನ್ನು ಮೆಲ್ಲಗೆ ಬಿಡಿ, ನಿಮಿಷಕ್ಕೆ ಒಂದೆರಡು ಲೀಟರ್ ಸಾಕು. ಜೋರಾಗಿ ಬಿಟ್ಟರೆ ಸೆನ್ಸರ್ ಮೇಲೆ ಒತ್ತಡ ಬಿದ್ದು ಅಂಕಿ ತಪ್ಪಾಗುತ್ತದೆ. ಅಂಕಿ ನಿಲ್ಲುವ ತನಕ ಕಾಯಿರಿ. ಸೆನ್ಸರ್ ಬ್ಯಾಟರಿಯ ಹಾಗೆ ಸವೆಯುತ್ತದೆ, ಎರಡು ಮೂರು ವರ್ಷಕ್ಕೆ ಬದಲಿಸಬೇಕು. ಹಳೆಯದಾದರೆ ಗಾಳಿಯಲ್ಲಿ 20.9 ಸರಿಯಾಗಿ ತೋರಿಸಿ, ಜಾಸ್ತಿ ಆಮ್ಲಜನಕದಲ್ಲಿ ಕಡಿಮೆ ತೋರಿಸಬಹುದು. ಅದು ನಿಮ್ಮನ್ನು ಇನ್ನೂ ಆಳಕ್ಕೆ ಕಳಿಸುವ ತಪ್ಪು.

ಮುಖ್ಯವಾಗಿ, ನಿಮ್ಮ ಟ್ಯಾಂಕ್ ನೀವೇ ಅಳೆಯಿರಿ, ಅಥವಾ ಕಣ್ಣೆದುರು ಅಳೆಸಿ. ಗಾಳಿ ಅಂತ ಹೇಳಿದ ಟ್ಯಾಂಕನ್ನೂ ನಾನು ಅಳೆಯುತ್ತೇನೆ. ಅರ್ಧ ನಿಮಿಷದ ಕೆಲಸ.

ಮೊದಲಗುಳ್ಳೆ

ನೀರಿಗೆ ಇಳಿಯುವ ಮುಂಚಿನ ಒಂದು ಅಭ್ಯಾಸವನ್ನೂ ಹೇಳುತ್ತೇನೆ. ವಾಲ್ವ್ ಪೂರ್ತಿ ತೆರೆಯಿರಿ. ಮೊದಲೆಲ್ಲ "ಪೂರ್ತಿ ತೆರೆದು ಕಾಲು ಸುತ್ತು ಹಿಂದಕ್ಕೆ" ಅಂತ ಕಲಿಸುತ್ತಿದ್ದರು. ಅದನ್ನು ಬಿಡಿ. ದಿಕ್ಕು ತಪ್ಪಿದರೆ ಪೂರ್ತಿ ಮುಚ್ಚಿ ಕಾಲು ಸುತ್ತು ತೆರೆದ ಹಾಗಾಗುತ್ತದೆ. ದೋಣಿಯ ಮೇಲೆ ಗಾಳಿ ಚೆನ್ನಾಗಿ ಬರುತ್ತದೆ, ಗೇಜ್ ಕೂಡ 200 ತೋರಿಸುತ್ತದೆ. ಆಳಕ್ಕೆ ಇಳಿದ ಮೇಲೆ ಸಾಕಾಗುವುದಿಲ್ಲ.

ಅದನ್ನು ಹಿಡಿಯಲು ಗೇಜ್ ನೋಡುತ್ತಾ ರೆಗ್ಯುಲೇಟರ್‌ನಿಂದ ನಾಲ್ಕೈದು ದೊಡ್ಡ ಉಸಿರು ತೆಗೆದುಕೊಳ್ಳಿ. ಮುಳ್ಳು ಅಲುಗಾಡಬಾರದು. ಪ್ರತಿ ಉಸಿರಿಗೂ ಕೆಳಗೆ ಬಿದ್ದು ಮತ್ತೆ ಏರಿದರೆ ವಾಲ್ವ್ ಅರೆಬರೆ ತೆರೆದಿದೆ ಅಂತ ಅರ್ಥ. ಸುಮ್ನೆ ಬಟನ್ ಒತ್ತಿ ಪುಸ್ ಅನ್ನಿಸಿದರೆ ಸಾಲದು. ಬಾಯಲ್ಲಿಟ್ಟು ಉಸಿರಾಡಿದರೆ ರುಚಿ, ವಾಸನೆಯೂ ಗೊತ್ತಾಗುತ್ತದೆ.

ಆಳದಮೀನು

ಎರಡು ವರ್ಷದ ಟ್ಯಾಂಕ್‌ನಲ್ಲಿ ಡೈವ್ ಮಾಡಿದೆ ಅಂತ ಮೇಲೆ ಬರೆದಿದ್ದೆ. ಅಂದು ನಾನು ಏನನ್ನೂ ಅಳೆದಿರಲಿಲ್ಲ. ಅದನ್ನು ನೋಡಿ ಬೇರೆ ಯಾರೂ ಹಾಗೆ ಮಾಡಬೇಡಿ. "ಒಯ್ಯಿರಿ" ಅಂದಿದ್ದನ್ನು ವಾಪಸ್ ತೆಗೆದುಕೊಳ್ಳುತ್ತೇನೆ.

ತೆರೆಸಾಲು

ಒಂಬತ್ತು ದಿನ ಆಯಿತು. ಆಗಿದ್ದನ್ನು ಹೇಳುತ್ತೇನೆ.

ಮೂರೂ ಟ್ಯಾಂಕ್ ತಪಾಸಣೆ ಮಾಡುವವರ ಹತ್ತಿರ ಒಯ್ದೆ. ಮೊದಲು ಅನಲೈಸರ್ ಹಿಡಿದೆವು. ತುಂಬಿದ ಸ್ಟೀಲ್ 20.8. ಅಲ್ಯೂಮಿನಿಯಂ 20.9. ಎರಡರಲ್ಲೂ ಮಾನಾಕ್ಸೈಡ್ ಸೊನ್ನೆ, ವಾಸನೆ ಇಲ್ಲ, ಬಟ್ಟೆ ಒಣಗಿಯೇ ಇತ್ತು.

ಮೂರನೇದು 17.2.

ಮೀಟರ್ ತಪ್ಪಿರಬೇಕು ಅಂತ ಮತ್ತೆ ಹೊರಗಿನ ಗಾಳಿಗೆ ಹೊಂದಿಸಿ ನೋಡಿದೆವು. ಮತ್ತೆ 17.2. ನಿಧಾನವಾಗಿ ಖಾಲಿ ಮಾಡಿ, ವಾಲ್ವ್ ಬಿಚ್ಚಿ, ದೀಪ ಬಿಟ್ಟು ಒಳಗೆ ನೋಡಿದರು. ಮಲಗಿಸಿಟ್ಟಿದ್ದ ಕಡೆ ಉದ್ದಕ್ಕೂ ಒಂದು ಕಂದು ಗೆರೆ. ತಲೆಕೆಳಗು ಮಾಡಿ ತಟ್ಟಿದಾಗ ಒಂದು ಹಿಡಿಯಷ್ಟು ಒದ್ದೆ ತುಕ್ಕು ಬಿತ್ತು. ನೀರಿನ ಒಂದು ಹನಿ ಬೆರಳಿಗೆ ಹಚ್ಚಿ ನಾಲಿಗೆಗೆ ತಾಗಿಸಿ ನೋಡಿದೆ. ಉಪ್ಪು.

ಆಗ ನೆನಪಾಯಿತು. ಮೂರು ವರ್ಷದ ಹಿಂದೆ ಕೊನೆಯ ಡೈವ್ ಆದಮೇಲೆ ಅದನ್ನು ಮತ್ತೆ ತುಂಬಿಸಿದ್ದೆ. ದೋಣಿಯ ಮೇಲೆ, ಮಳೆಯಲ್ಲಿ, ಅವಸರದಲ್ಲಿ. ವಾಲ್ವ್ ಊದಿದ ನೆನಪಿಲ್ಲ. ಆಮೇಲೆ ಮನೆಯಲ್ಲಿ 20 ಬಾರ್‌ಗೆ ಇಳಿಸಿ ಇಟ್ಟಿದ್ದೆ. ಇಡುವ ನಿಯಮ ಪಾಲಿಸಿದೆ ಅಂತಲೇ ನಂಬಿದ್ದೆ.

ಮಗಳಿಗೆ ಎಲ್ಲ ಹೇಳಿದೆ. ತುಕ್ಕಿನ ಪುಡಿಯನ್ನು ಒಂದು ಡಬ್ಬಿಯಲ್ಲಿ ತಂದಿದ್ದೆ, ಅದನ್ನೂ ತೋರಿಸಿದೆ. "ಇದು ಗಾಳಿ ತಿಂದಿದ್ದಾ?" ಅಂತ ಕೇಳಿದಳು. ಹೌದು ಅಂದೆ. ಮುಂದಿನ ವಾರ ಕಲಿಸುವವರ ಹತ್ತಿರ ಅವಳ ಮೊದಲ ಕ್ಲಾಸ್ ಇದೆ.

ಟ್ಯಾಂಕ್ ಉಳಿಯುತ್ತದಾ ಅಂತ ಇನ್ನೂ ಹೇಳಿಲ್ಲ.

ಗಾಳಿಲೆಕ್ಕ

20 ಬಾರ್‌ನಲ್ಲಿ ಶೇಕಡಾ 21ರಿಂದ 17.2ಕ್ಕೆ ಇಳಿಯಲು ಹತ್ತಿರ ಹತ್ತಿರ 11 ಲೀಟರ್ ಆಮ್ಲಜನಕ, 34 ಗ್ರಾಂ ಕಬ್ಬಿಣ. ಒಂದು ಹಿಡಿ ತುಕ್ಕು ಅಂದಿರಲ್ಲ, ಲೆಕ್ಕ ಹೊಂದುತ್ತದೆ. ಇನ್ನೂ ಕೆಲವು ವರ್ಷ ಹಾಗೇ ಬಿಟ್ಟಿದ್ದರೆ ಎಲ್ಲಿಗೆ ಇಳಿಯುತ್ತಿತ್ತು ಅಂತ ಯೋಚಿಸಲೂ ಮನಸ್ಸು ಬರುತ್ತಿಲ್ಲ. ಮಗಳಿಗೆ ನನ್ನ ಪ್ರೀತಿ ತಿಳಿಸಿ. ಒಳ್ಳೆಯ ಪ್ರಶ್ನೆ ಕೇಳಿದ್ದಾಳೆ.

ಹಳೆಗೇಜ್

ಟ್ಯಾಂಕ್ ಬಗ್ಗೆ: ಮೊದಲು ಒಳಗೆ ಕಲ್ಲುಚೂರು ಹಾಕಿ ಗಂಟೆಗಟ್ಟಲೆ ಉರುಳಿಸಿ ತುಕ್ಕು ಉಜ್ಜಿ ತೆಗೆಯುತ್ತಾರೆ. ಆಮೇಲೆ ಗುಳಿ ಎಷ್ಟು ಆಳ ಅಂತ ಅಳೆಯುತ್ತಾರೆ. ಬರೀ ಮೇಲುಮೇಲಿನ ತುಕ್ಕಾಗಿದ್ದರೆ ನೀರು ತುಂಬಿ ಒತ್ತಡದ ಪರೀಕ್ಷೆ ಮಾಡಿ ವಾಪಸ್ ಕೊಡುತ್ತಾರೆ. ನಿಮ್ಮದರಲ್ಲಿ ಒಂದೇ ಗೆರೆಯಲ್ಲಿ ತುಕ್ಕು ಕೂತಿದೆ ಅಂದಿರಿ, ಅದು ಒಳ್ಳೆಯ ಲಕ್ಷಣ ಅಲ್ಲ. ಒಂದೇ ಜಾಗದಲ್ಲಿ ಆಳಕ್ಕೆ ಕೊರೆದಿರುತ್ತದೆ. ಅವರು ಆಗಲ್ಲ ಅಂದರೆ ವಾದ ಮಾಡಬೇಡಿ. ಅವರ ಕೈಯಲ್ಲೇ ತೂತು ಕೊರೆಸಿ ಬಿಡಿ, ಇನ್ಯಾರೂ ಅದನ್ನು ತುಂಬಿಸಲು ಆಗಬಾರದು.

ಉಳಿದ ಎರಡರ ಗಾಳಿ ಏನು ಮಾಡಿದಿರಿ?

ತೆರೆಸಾಲು

ಇವತ್ತು ಸಂಜೆ ಫೋನ್ ಬಂತು. ಗುಳಿ ಆಳ ಇದೆಯಂತೆ, ಕೊರೆಯಿರಿ ಅಂದೆ. ಉಳಿದ ಎರಡರ ಒಳಗೂ ನೋಡಿಸಿದೆ, ಚೊಕ್ಕವಾಗಿವೆ. ವಾಲ್ವ್ ಬಿಚ್ಚುವಾಗ ಹಳೆಯ ಗಾಳಿ ಹೇಗೂ ಹೋಯಿತು. ಈ ಸಲ ತುಂಬಿಸುವಾಗ ಪಕ್ಕದಲ್ಲೇ ನಿಂತಿದ್ದೆ. ವಾಲ್ವ್ ಊದಿ, ಬಾಯಿ ಒರೆಸಿ, ಆಮೇಲೆ ಪೈಪ್ ಸಿಕ್ಕಿಸಿದರು. ತಣ್ಣಗಾದ ಮೇಲೆ ಅಳೆದು ಪಟ್ಟಿ ಅಂಟಿಸಿದೆ. 20.9, ಮಾನಾಕ್ಸೈಡ್ ಸೊನ್ನೆ, 200 ಬಾರ್. ಗೋಡೆಗೆ ಪಟ್ಟಿ ಹಾಕಿ ನಿಲ್ಲಿಸಿದ್ದೇನೆ. ಡೈವ್ ದಿನ ಬೆಳಿಗ್ಗೆ ಮತ್ತೊಮ್ಮೆ ಅಳೆಯುತ್ತೇನೆ.